ಹದಿನೇಳು ಗಂಟೆಯ ಹಾರಾಟ, ಎರಡು ದಿನಾಂಕಗಳ ಅಂತರ

2021ರ ಜನವರಿ 9ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವು ಉತ್ತರ ಧ್ರುವ ಮಾರ್ಗವಾಗಿ ಹಾರಿ, ಜನವರಿ 11ರ ನಸುಕಿನಲ್ಲಿ ಬೆಂಗಳೂರು ತಲುಪಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಚಾಲಕ ತಂಡದಲ್ಲಿದ್ದವರೆಲ್ಲರೂ ಮಹಿಳೆಯರು. ಎರಡು ನಗರಗಳ ನಡುವಿನ ನೇರ ಅಂತರ ಸುಮಾರು 14,000 ಕಿ.ಮೀ.; ಹಾರಾಟದ ಅವಧಿ ಸುಮಾರು 17 ಗಂಟೆ. ಆದರೆ ದಿನದರ್ಶಿಯಲ್ಲಿ ದಿನಾಂಕ 9ರಿಂದ 11ಕ್ಕೆ ಸರಿದಿತ್ತು. ಭಾರತದ ಗಡಿಯಾರವು ಸ್ಯಾನ್ ಫ್ರಾನ್ಸಿಸ್ಕೋ ಗಡಿಯಾರಕ್ಕಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಮುಂದಿರುವುದೇ ಇದಕ್ಕೆ ಕಾರಣ.

ಅಂತರ ಸ್ಥಿರ, ಅವಧಿ ಅಸ್ಥಿರ

ಭೂಪಟದ ಮೇಲಿನ ಅಂತರ ಬದಲಾಗದು. ಪ್ರಯಾಣದ ಅವಧಿ ಬದಲಾಗುತ್ತದೆ. 2022ರ ಫೆಬ್ರವರಿಯಲ್ಲಿ ರಷ್ಯಾದ ವಾಯುಪ್ರದೇಶವು ಐರೋಪ್ಯ ಒಕ್ಕೂಟದ ವಿಮಾನಗಳಿಗೆ ಮುಚ್ಚಿದಾಗ, ಹೆಲ್ಸಿಂಕಿಯಿಂದ ಟೋಕಿಯೋಗೆ ಫಿನ್‌ಏರ್ ವಿಮಾನಗಳು ಹಿಂದೆ ತೆಗೆದುಕೊಳ್ಳುತ್ತಿದ್ದ ಒಂಬತ್ತು–ಹತ್ತು ಗಂಟೆಗಳ ಅವಧಿ ಸುಮಾರು 13 ಗಂಟೆಗೆ ಏರಿತು. ಆದ್ದರಿಂದ ಕಿಲೋಮೀಟರ್ ಲೆಕ್ಕವನ್ನೇ ನಂಬಿ ಗ್ರಾಹಕರಿಗೆ ದಿನಾಂಕದ ಭರವಸೆ ನೀಡುವುದು ವಿವೇಕವಲ್ಲ.

ದಾಖಲೆಯ ದಿನಾಂಕವೇ ಮುಖ್ಯ

ಲೆಟರ್ ಆಫ್ ಕ್ರೆಡಿಟ್ (ಎಲ್.ಸಿ.) ಆಧಾರದ ಮೇಲೆ ರಫ್ತು ಮಾಡುವವರಿಗೆ ಹಣ ದೊರೆಯುವುದು ದಾಖಲೆಗಳು ಸರಿಯಾಗಿದ್ದಾಗ ಮಾತ್ರ. 2007ರ ಜುಲೈ 1ರಿಂದ ಜಾರಿಯಲ್ಲಿರುವ ಯು.ಸಿ.ಪಿ. 600 ನಿಯಮಾವಳಿಯ 23ನೆಯ ವಿಧಿಯ ಪ್ರಕಾರ, ಏರ್‌ವೇ ಬಿಲ್ ನೀಡಿದ ದಿನಾಂಕವೇ ಸರಕು ರವಾನೆಯ ದಿನಾಂಕ. ನಿಜವಾದ ರವಾನೆಯ ದಿನಾಂಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ನಮೂದಿಸಿದ್ದರೆ ಆ ದಿನಾಂಕವೇ ಅನ್ವಯವಾಗುತ್ತದೆ. ವಿಮಾನದ ಸಂಖ್ಯೆಯೊಂದಿಗೆ ಕಾಣುವ ದಿನಾಂಕವನ್ನು ಮಾತ್ರ ಪರಿಗಣಿಸುವುದಿಲ್ಲ.

ರವಾನೆಗೆ ಮಾರ್ಚ್ 31 ಕೊನೆಯ ದಿನವೆಂದು ಭಾವಿಸೋಣ. ಮಾರ್ಚ್ 30ರಂದು ಬಿಲ್ ನೀಡಲಾಗಿ, ಏಪ್ರಿಲ್ 1ರಂದು ಸರಕು ಹೊರಟಿತೆಂಬ ಪ್ರತ್ಯೇಕ ನಮೂದು ಅದರಲ್ಲಿದ್ದರೆ, ರವಾನೆ ತಡವಾಯಿತೆಂದು ಬ್ಯಾಂಕು ದಾಖಲೆಗಳನ್ನು ನಿರಾಕರಿಸಬಹುದು. ಸರಕು ಕಡಲಾಚೆ ತಲುಪಿದ್ದರೂ ಹಣ ಮಾತ್ರ ನಿಂತುಹೋಗುತ್ತದೆ. ಕೊನೆಯ ದಿನ ಬ್ಯಾಂಕಿಗೆ ರಜೆಯಿದ್ದರೂ ರವಾನೆಯ ಗಡುವು ಮುಂದಕ್ಕೆ ಹೋಗುವುದಿಲ್ಲ.

ಎಲ್.ಸಿ.ಯಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ರವಾನೆಯಾದ 21 ದಿನಗಳೊಳಗೆ, ಆದರೆ ಎಲ್.ಸಿ.ಯ ಅವಧಿ ಮುಗಿಯುವ ಮುನ್ನ, ದಾಖಲೆಗಳನ್ನು ಸಲ್ಲಿಸಬೇಕು. ಅವಧಿ ಮುಗಿಯುವ ಸ್ಥಳ ಬೆಂಗಳೂರೋ ಸ್ಯಾನ್ ಫ್ರಾನ್ಸಿಸ್ಕೋವೋ ಎಂಬುದನ್ನೂ ಗಮನಿಸಬೇಕು. ಎರಡನೆಯದಾದರೆ ದಾಖಲೆಗಳೇ ಅಷ್ಟು ದೂರ ಕ್ರಮಿಸಬೇಕಾಗುತ್ತದೆ.

ಎಲ್.ಸಿ. ಕೈಸೇರಿದ ದಿನವೇ ರವಾನೆಯ ಕೊನೆಯ ದಿನ, ದಾಖಲೆ ಸಲ್ಲಿಕೆಯ ಗಡುವು ಹಾಗೂ ಅವಧಿ ಮುಗಿಯುವ ಸ್ಥಳ ಇವು ಮೂರನ್ನೂ ಗುರುತಿಸಿಕೊಂಡು, ಅಗತ್ಯವಿದ್ದರೆ ಖರೀದಿದಾರರಿಂದ ತಿದ್ದುಪಡಿ ಕೋರುವುದು ಲೇಸು. ಸರಕು ವಿಮಾನವೇರಿದ ಮೇಲೆ ತಿದ್ದುಪಡಿ ಪಡೆಯುವುದು ಖರೀದಿದಾರರ ಮರ್ಜಿಗೆ ಬಿಟ್ಟ ವಿಷಯವಾಗಿಬಿಡುತ್ತದೆ.