ಗಾಲಿಮೋಟಾರಿನ ಗಡಿನಾಡು

ಹಿಂದೂಪುರ, ಕಲ್ಯಾಣದುರ್ಗದ ಕಡೆ ಹಳೆಯ ತಲೆಗಳು ವಿಮಾನವನ್ನು ‘ಗಾಲಿಮೋಟಾರು’ ಎನ್ನುತ್ತಿದ್ದರು. ತೆಲುಗಿನಲ್ಲಿ ಗಾಲಿ ಎಂದರೆ ಗಾಳಿ. ಕನ್ನಡದ ಕಿವಿಗೆ ಅದೇ ಪದ ಚಕ್ರ. ಎರಡು ಭಾಷೆಗಳು ಒಂದೇ ಜಗಲಿಯಲ್ಲಿ ಕೂತು ಹರಟುವ ಸೀಮೆ ಇದು. ಹಾಗಾಗಿ ಪದಕ್ಕೂ ಎರಡು ಅರ್ಥ ದಕ್ಕಿದೆ: ಗಾಳಿಯಲ್ಲಿ ಹೋಗುವ ಮೋಟಾರು, ಗಾಲಿ ಕಟ್ಟಿಕೊಂಡು ಹೊರೆ ಹೊರುವ ಮೋಟಾರು. ಸಿಡಿಲಿನಂತೆ ಬಂದು ಹೋಗುವ ಯುದ್ಧವಿಮಾನಕ್ಕೆ ಎರಡನೆಯ ಅರ್ಥ ಅಷ್ಟಾಗಿ ಒಗ್ಗುವುದಿಲ್ಲ. ಸೇನೆಗೆ ಆಳು, ಅಕ್ಕಿ, ಮದ್ದುಗುಂಡು ಸಾಗಿಸುವ ವಿಮಾನಕ್ಕಾದರೆ ಹೇಳಿ ಮಾಡಿಸಿದಂತಿದೆ.

ಈ ಎರಡು ಊರುಗಳಲ್ಲೂ ವಿಮಾನ ನಿಲ್ದಾಣವಿಲ್ಲ. ಪುಟ್ಟಪರ್ತಿಯಲ್ಲಿ 1990ರ ನವೆಂಬರ್‌ನಲ್ಲಿ ಶುರುವಾದ ನಿಲ್ದಾಣವೊಂದಿದೆ, ಅಷ್ಟೆ. ಆದರೂ ಇಲ್ಲಿಯ ಹುಡುಗರಿಗೆ ಸೇನಾ ವಿಮಾನದ ಹುಚ್ಚು ಹತ್ತುವುದಕ್ಕೆ ದಾರಿಯಿದೆ, ಆ ದಾರಿ ರೈಲಿನದು. ಗುಂತಕಲ್ಲಿನಿಂದ ಬೆಂಗಳೂರಿಗೆ ಹೋಗುವ ಹಳಿ ಹಿಂದೂಪುರ, ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿ ಯಲಹಂಕಕ್ಕೆ ಇಳಿಯುತ್ತದೆ. ರಾಜಾನುಕುಂಟೆ ಕಳೆಯುತ್ತಿದ್ದಂತೆ ಬೂದು ಬಣ್ಣದ ಒಂದು ದಪ್ಪ ವಿಮಾನ ತಲೆಯ ಮೇಲೆ ತಗ್ಗಿ ಹಾದುಹೋದರೆ, ಗಾಡಿಯಲ್ಲಿ ತೂಕಡಿಸುತ್ತಿದ್ದವರೂ ಕತ್ತು ಹೊರಳಿಸುತ್ತಾರೆ. ಯಲಹಂಕದ ವಾಯುಪಡೆ ನೆಲೆ ಸಾಗಣೆ ವಿಮಾನಗಳ ಪೈಲಟ್‌ಗಳನ್ನು ತಯಾರು ಮಾಡುವ ಗರಡಿ. ಏರುವುದು, ಸುತ್ತು ಹಾಕುವುದು, ಇಳಿದಂತೆ ಮಾಡಿ ಮತ್ತೆ ಏರುವುದು: ಪಾಠ ನಡೆಯುವುದು ಆಕಾಶದಲ್ಲಾದ್ದರಿಂದ ನೋಡುವವರಿಗೆ ಟಿಕೆಟ್ ಬೇಕಿಲ್ಲ.

ಆ ದಪ್ಪ ವಿಮಾನ ಬಹುಮಟ್ಟಿಗೆ ಎಎನ್-32 ಆಗಿರುತ್ತದೆ. ಗುರುತು ಹಿಡಿಯುವುದು ಸುಲಭ. ಬೇರೆ ವಿಮಾನಗಳ ಎಂಜಿನ್ ರೆಕ್ಕೆಯ ಕೆಳಗೋ ರೆಕ್ಕೆಯ ಸಾಲಿನಲ್ಲೋ ಇದ್ದರೆ, ಇದರದು ರೆಕ್ಕೆಯ ಮೇಲೆ ಮೂಟೆ ಇಟ್ಟಂತೆ ಕೂತಿದೆ. ಸೋವಿಯತ್ ಕಾಲದ ಉಕ್ರೇನಿನಲ್ಲಿ ಇದನ್ನು ರೂಪಿಸಿದವರಿಗೆ ಬೇಕಾಗಿದ್ದದ್ದು ಬಿಸಿಲಿಗೂ ಬೆಟ್ಟಕ್ಕೂ ಒಗ್ಗುವ, ಕಲ್ಲುಮಣ್ಣಿನ ಪಟ್ಟಿಯಿಂದಲೂ ಏಳುವ ಗಾಡಿ. ದೊಡ್ಡ ಎಂಜಿನ್‌ಗೆ ದೊಡ್ಡ ಪಂಖ ಬೇಕು, ಪಂಖ ನೆಲಕ್ಕೆ ತಾಗಬಾರದು, ಧೂಳನ್ನೂ ಎಂಜಿನ್ ನುಂಗಬಾರದು. ಅದಕ್ಕೇ ಮೇಲೆ ಕೂರಿಸಿದರು. 1984ರಲ್ಲಿ ಭಾರತಕ್ಕೆ ಬರತೊಡಗಿದ ಈ ವಿಮಾನ ಲಡಾಖಿನ ಚಳಿಗೂ ಅಂಡಮಾನಿನ ಉಪ್ಪುಗಾಳಿಗೂ ಒಗ್ಗಿಕೊಂಡಿತು. ನೋವಿನ ಲೆಕ್ಕವೂ ಇದೆ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಎಎನ್-32 ಒಂದು 29 ಜನರೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಅದರ ಅವಶೇಷಗಳು ಸುಮಾರು 3,400 ಮೀಟರ್ ಆಳದಲ್ಲಿ ಸಿಕ್ಕಿದ ಸುದ್ದಿ ಬಂದದ್ದು ಏಳೂವರೆ ವರ್ಷಗಳ ಬಳಿಕ, 2024ರ ಜನವರಿಯಲ್ಲಿ.

ಎರಡು ವರ್ಷಕ್ಕೊಮ್ಮೆ ಇದೇ ಯಲಹಂಕಕ್ಕೆ ಜಾತ್ರೆ ಬರುತ್ತದೆ. 1996ರಲ್ಲಿ ಆರಂಭವಾದ ಏರೋ ಇಂಡಿಯಾದ 15ನೇ ಆವೃತ್ತಿ 2025ರ ಫೆಬ್ರವರಿಯಲ್ಲಿ ನಡೆಯಿತು. ರಷ್ಯಾದ ಸು-57, ಅಮೆರಿಕದ ಎಫ್-35 ಒಂದೇ ಅಂಗಳದಲ್ಲಿ ಕಾಣಿಸಿಕೊಂಡ ವರ್ಷ ಅದು. ಬಳ್ಳಾರಿ ರಸ್ತೆಯ ಉದ್ದಕ್ಕೂ ಮನೆಗಳ ತಾರಸಿ, ಲಾರಿಗಳ ನೆತ್ತಿ, ಮರದ ಕೊಂಬೆ ಎಲ್ಲವೂ ಗ್ಯಾಲರಿಯೇ. ಆದರೆ ಒಂದು ತಮಾಷೆ: ವಾಯುಪಡೆಯ ಕಸರತ್ತಿನ ಸೂರ್ಯಕಿರಣ ತಂಡ ಬಂದಾಗ ಉಸಿರು ಹಿಡಿದು ನಿಲ್ಲುವ ಜನ, ಸಾಮಾನು ಸಾಗಿಸುವ ವಿಮಾನದ ಸರದಿ ಬಂದರೆ ಕಡಲೆಕಾಯಿ ಕೊಳ್ಳಲು ಏಳುತ್ತಾರೆ. ಮದುವೆಮನೆಯಲ್ಲಿ ಎಲ್ಲರೂ ಹೆಣ್ಣುಗಂಡನ್ನು ನೋಡುವವರೇ, ಅಡುಗೆಯವನ ಮುಖ ನೋಡುವವರು ಯಾರು?

ಈ ಪಕ್ಷಪಾತಕ್ಕೆ ಮದ್ದು ಬೇಕೆಂದರೆ ಇನ್ನೂ ಸ್ವಲ್ಪ ದೂರ ಹೋಗಬೇಕು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಎಚ್‌ಎಎಲ್ ಪರಂಪರಾ ಕೇಂದ್ರ ಮತ್ತು ವೈಮಾಂತರಿಕ್ಷ ಸಂಗ್ರಹಾಲಯ ಇದೆ. 2001ರಲ್ಲಿ ಬಾಗಿಲು ತೆರೆದ, ಸುಮಾರು ನಾಲ್ಕು ಎಕರೆಯ ಜಾಗ. ಒಂದು ಸಭಾಂಗಣದಲ್ಲಿ 1940ರಿಂದ ಈಚಿನ ಕಥೆ ದಶಕದಿಂದ ದಶಕಕ್ಕೆ ಚಿತ್ರಗಳಲ್ಲಿ ಸಾಗುತ್ತದೆ. ಇನ್ನೊಂದರಲ್ಲಿ ಎಂಜಿನ್‌ಗಳನ್ನು ಹಲಸಿನ ಹಣ್ಣಿನಂತೆ ಸೀಳಿಟ್ಟಿದ್ದಾರೆ. ಗಾಳಿಯನ್ನು ಒತ್ತುವ ಅಲಗುಗಳು, ಬೆಂಕಿ ಹತ್ತುವ ಗೂಡು, ಹೊಗೆ ಹೊರಬೀಳುವ ದಾರಿ ಎಲ್ಲವೂ ಬರಿಗಣ್ಣಿಗೆ ಕಾಣುತ್ತದೆ. ಮೋಟಾರು ತಿರುಗಿಸಿ ತೋರಿಸುವ ಏರ್ಪಾಟೂ ಇದೆ. ಹೊರಗೆ ಮರಗಳ ನಡುವೆ ಮಾರುತ್, ಕಿರಣ್, ಅಜೀತ್, ಮಿಗ್-21, ಕ್ಯಾನ್‌ಬೆರಾ ನಿಂತಿವೆ. ಪಾಠಪುಸ್ತಕದಲ್ಲಿ ಬೆರಳುದ್ದ ಕಂಡದ್ದು ಇಲ್ಲಿ ಮನೆಯಷ್ಟಾಗಿ ಎದುರಾಗುತ್ತದೆ.

ವಿಮಾನ ತಯಾರಿಸುವ ಎಚ್‌ಎಎಲ್ ಕಂಪನಿ ಹುಟ್ಟಿದ್ದು 1940ರ ಡಿಸೆಂಬರ್‌ನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಹುಮ್ಮಸ್ಸಿಗೆ ಮೈಸೂರು ಸರ್ಕಾರದ ಹಣ, ನೆಲ ಜೊತೆಯಾದವು. ಎರಡನೆಯ ಮಹಾಯುದ್ಧ ಬಿಸಿಯಾದಾಗ ಕಾರ್ಖಾನೆ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ ರಿಪೇರಿ ಡಿಪೋ ಆಯಿತು. ಡಕೋಟಾ, ಕ್ಯಾಟಲೀನಾ ವಿಮಾನಗಳು ಬಂದು ಮೈ ಸರಿಮಾಡಿಕೊಂಡು ಹೋದವು. ಯುದ್ಧದ ಆ ವರ್ಷಗಳಲ್ಲೇ ವಿ.ಎಂ. ಘಾಟಗೆ ಎಂಬ ಎಂಜಿನಿಯರ್ ಹತ್ತು ಸೈನಿಕರನ್ನು ಹೊರುವ ಗ್ಲೈಡರ್ ಒಂದನ್ನು ರೂಪಿಸಿದರು. ಗಮನಿಸಿ, ಅದೂ ಹೊರೆಗಾಡಿಯೇ. ಇದೇ ಘಾಟಗೆಯವರ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ಮುಂದೆ ಪೈಲಟ್‌ಗಳ ಎಷ್ಟೋ ತಲೆಮಾರುಗಳಿಗೆ ಅದೇ ಮೊದಲ ಮೆಟ್ಟಿಲು.

ಈ ಕಾರ್ಖಾನೆಯ ಕಥೆಗಳಲ್ಲಿ ಕೇಳಿದಷ್ಟೂ ಸಾಲದೆನಿಸುವುದು ಲಿಬರೇಟರ್‌ಗಳದು. ಯುದ್ಧ ಮುಗಿದಾಗ ಕಾನ್ಪುರದ ಚಕೇರಿ ಮೈದಾನದಲ್ಲಿ ಬಿ-24 ಲಿಬರೇಟರ್ ಎಂಬ ಭಾರಿ ಬಾಂಬರ್‌ಗಳು ಸಾಲುಗಟ್ಟಿ ಬಿದ್ದಿದ್ದವು. ಅಮೆರಿಕದಿಂದ ಬ್ರಿಟಿಷರು ಎರವಲು ತಂದದ್ದು ಅವು. ಹಿಂದಿರುಗಿಸುವುದು ದುಬಾರಿ, ಇಟ್ಟುಕೊಳ್ಳಲು ಒಪ್ಪಂದ ಬಿಡದು. ಮತ್ತೆ ಹಾರದಂತೆ ಕೆಡಿಸಿ ಅಲ್ಲೇ ಬಿಟ್ಟಿದ್ದರು. 1948ರಲ್ಲಿ ಎಚ್‌ಎಎಲ್ ಕೆಲಸಗಾರರು ಆ ಗುಜರಿಯ ನಡುವೆ ಬೀಡುಬಿಟ್ಟು, ಒಂದರ ಕೈಕಾಲು ಕಿತ್ತು ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರಿನವರೆಗೆ ಹಾರುವಷ್ಟು ಜೀವ ತುಂಬಿದರು. ಅವನ್ನು ಹಾರಿಸಿಕೊಂಡು ಬರಲು ಒಪ್ಪಿದವರು ಕಂಪನಿಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ. ಅರ್ಧ ರಿಪೇರಿಯಾದ, ನಾಲ್ಕು ಎಂಜಿನ್‌ಗಳ ಆ ಬಾಂಬರ್‌ಗಳನ್ನು ಒಂದೊಂದಾಗಿ ತಂದು ಇಳಿಸಿದರು. ಬೆಂಗಳೂರಿನಲ್ಲಿ ಪೂರ್ತಿ ಸಜ್ಜಾಗಿ ವಾಯುಪಡೆ ಸೇರಿದ ಲಿಬರೇಟರ್‌ಗಳ ಸಂಖ್ಯೆ 42. ಅವು ನಿವೃತ್ತಿಯಾದದ್ದು 1968ರಲ್ಲಿ. ಅಷ್ಟರಲ್ಲಿ ಜಗತ್ತಿನಲ್ಲಿ ಸಾವಿರಾರು ಲಿಬರೇಟರ್‌ಗಳು ಕರಗಿ ಪಾತ್ರೆಪಗಡೆ ಆಗಿಹೋಗಿದ್ದವು. ವಸ್ತುಸಂಗ್ರಹಾಲಯಗಳಿಗೆ ಒಂದು ಬೇಕೆಂದಾಗ ಎಲ್ಲರ ಕಣ್ಣು ಭಾರತದತ್ತ ತಿರುಗಿತು. 1974ರಲ್ಲಿ ಒಂದನ್ನು ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂಗೆ ನಮ್ಮ ವಾಯುಪಡೆಯೇ ಉಡುಗೊರೆ ಕೊಟ್ಟಿತು. ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯದಲ್ಲಿ ನಿಂತಿರುವುದೂ ಭಾರತದಿಂದ ಹೋದದ್ದೇ. ಬ್ರಿಟಿಷರು ಮುರಿದೆಸೆದದ್ದನ್ನು ಬೆಂಗಳೂರಿನವರು ರಿಪೇರಿ ಮಾಡಿ ಇಪ್ಪತ್ತು ವರ್ಷ ಓಡಿಸಿ ಬ್ರಿಟಿಷರಿಗೇ ದಾನ ಕೊಟ್ಟರು. ಇದಕ್ಕಿಂತ ಚೆನ್ನಾದ ಉತ್ತರ ಮಾತಿನಲ್ಲಿ ಕೊಡಲಾಗದು.

ಮಾರುತ್ ಯುದ್ಧವಿಮಾನದ ಕಥೆ ಹೆಚ್ಚು ಜನಕ್ಕೆ ಗೊತ್ತು. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ್ದು, 1961ರ ಜೂನ್ 17ರಂದು ಸುರಂಜನ್ ದಾಸ್ ಹಾರಿಸಿದ್ದು, ಒಟ್ಟು 147 ತಯಾರಾದದ್ದು, ತಕ್ಕ ಎಂಜಿನ್ ಸಿಗದೆ ಕೊನೆಯವರೆಗೂ ಕೊರಗಿದ್ದು. 1970ರ ಜನವರಿಯಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ ದಾಸ್ ತೀರಿಕೊಂಡರು; ಅವರ ಹೆಸರಿನ ರಸ್ತೆಯಲ್ಲಿ ಇಂದು ನಿತ್ಯ ವಾಹನದಟ್ಟಣೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿ ಬೇರೊಂದಿದೆ. ಲೋಹದ ಮಾರುತ್‌ಗೆ ಮುಂಚೆ ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ಕಟ್ಟಿ 1959ರಿಂದ ಪರೀಕ್ಷೆಗೆ ಹಾರಿಸಿದ್ದರು. ಎಂಜಿನ್ ಇಲ್ಲದ ಅದನ್ನು ಹಗ್ಗ ಕಟ್ಟಿ ಆಕಾಶಕ್ಕೆ ಎಳೆದುಕೊಂಡು ಹೋದದ್ದು ಒಂದು ಡಕೋಟಾ. ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಅಂಬೆಗಾಲಿಟ್ಟದ್ದೂ ಸಾಮಾನು ಗಾಡಿಯ ಸೆರಗು ಹಿಡಿದೇ.

ಕನ್ನಡದಲ್ಲಿ ಗಡಗಡ ಎನ್ನುವ ಹಳೆಯ ಬಸ್ಸಿಗೆ ‘ಡಕೋಟಾ’ ಎಂದು ಹೆಸರಿಟ್ಟಿದ್ದೇವೆ. ದೊಡ್ಡ ಅನ್ಯಾಯ. 1947ರ ಅಕ್ಟೋಬರ್ 27ರ ಬೆಳಗ್ಗೆ ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿ ಕಾಶ್ಮೀರ ಕಣಿವೆಯನ್ನು ಉಳಿಸಿದ್ದು ಈ ಡಕೋಟಾಗಳು. ಮುಂದೆ ಕರ್ನಾಟಕದಿಂದ ರಾಜ್ಯಸಭೆಗೆ ಹೋದ ರಾಜೀವ್ ಚಂದ್ರಶೇಖರ್ ಅವರ ತಂದೆ ವಾಯುಪಡೆಯಲ್ಲಿ ಇದೇ ಜಾತಿಯ ವಿಮಾನ ಹಾರಿಸಿದವರು. ಗುಜರಿಗೆ ಬಿದ್ದಿದ್ದ ಒಂದು ಡಕೋಟಾವನ್ನು ಮಗ ಬ್ರಿಟನ್ನಿನಲ್ಲಿ ರಿಪೇರಿ ಮಾಡಿಸಿ ವಾಯುಪಡೆಗೆ ಕೊಡುಗೆ ಕೊಟ್ಟರು. ‘ಪರಶುರಾಮ’ ಎಂಬ ಹೆಸರು ಹೊತ್ತು ಅದು 2018ರ ಮೇ ತಿಂಗಳಲ್ಲಿ ಸೇವೆಗೆ ಸೇರಿತು. ಗಾಜಿನ ಹಿಂದೆ ಕೂರದೆ ಹಾರುತ್ತಲೇ ಇರುವ ಸಂಗ್ರಹಾಲಯ ಅದು.

ಹೊಸ ತಲೆಮಾರಿನ ಹೊರೆಗಾಡಿ ಸಿ-295. ಮುದಿಯಾದ ಆವ್ರೊ ಸಾಗಣೆ ವಿಮಾನಗಳ ಜಾಗಕ್ಕೆ 56 ವಿಮಾನಗಳು ಬೇಕೆಂದು 2021ರ ಸೆಪ್ಟೆಂಬರ್‌ನಲ್ಲಿ ಏರ್‌ಬಸ್ ಜೊತೆ ಒಪ್ಪಂದವಾಯಿತು. 16 ಸ್ಪೇನಿನ ಸೆವಿಲ್ಲೆಯಿಂದ, ಉಳಿದ 40 ಟಾಟಾದವರ ವಡೋದರಾ ಕಾರ್ಖಾನೆಯಿಂದ. ಮೊದಲನೆಯದು 2023ರ ಸೆಪ್ಟೆಂಬರ್‌ನಲ್ಲಿ ವಾಯುಪಡೆಗೆ ಸೇರಿತು. 71 ಸೈನಿಕರು ಕೂರಬಹುದು, ಬಾಲದ ಕೆಳಗೆ ಬಾಯಿ ತೆರೆದು ಜೀಪನ್ನೂ ನುಂಗಬಲ್ಲದು. ದೂರದಿಂದ ಎಎನ್-32ರ ತಮ್ಮನಂತೆ ಕಂಡರೂ ಪಂಖದ ಎಸಳು ಎಣಿಸಿದರೆ ಗುಟ್ಟು ರಟ್ಟು: ಅಣ್ಣನಿಗೆ ನಾಲ್ಕು, ತಮ್ಮನಿಗೆ ಆರು. ಹೋಗಲಿರುವ ಆವ್ರೊ ಕೂಡ ನಮ್ಮ ನೆಲದಲ್ಲೇ ಕಟ್ಟಿದ ಕೂಸು. ಕಾನ್ಪುರದಲ್ಲಿ ಕಟ್ಟಿದ ಮೊದಲನೆಯದು ಹಾರಿದ್ದು 1961ರ ನವೆಂಬರ್ 1ರಂದು.

ಕಲ್ಯಾಣದುರ್ಗದವರ ಆಕಾಶವೇ ಬೇರೆ. ಅವರಿಗೆ ಯಲಹಂಕಕ್ಕಿಂತ ಚಳ್ಳಕೆರೆ ಹತ್ತಿರ. ಗಡಿಯಾಚೆಗಿನ ಚಿತ್ರದುರ್ಗ ಜಿಲ್ಲೆಯ ಹುಲ್ಲುಗಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಪೈಲಟ್ ಇಲ್ಲದ ವಿಮಾನಗಳು ಅಲ್ಲಿ ಹಾರಲು ಕಲಿಯುತ್ತವೆ, ಒಮ್ಮೊಮ್ಮೆ ಹೊಲಕ್ಕೂ ಬೀಳುತ್ತವೆ. 2023ರ ಏಪ್ರಿಲ್ 2ರ ಬೆಳಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೊದ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ಹೊಟ್ಟೆಗೆ ತೂಗುಹಾಕಿಕೊಂಡು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ವಾಹನ ತನ್ನಷ್ಟಕ್ಕೆ ದಾರಿ ಹುಡುಕಿ ಪಟ್ಟಿಯ ಮೇಲೆ ಇಳಿಯಿತು. ಮರುವರ್ಷದ ಪರೀಕ್ಷೆಗಳಲ್ಲಿ ಅದಕ್ಕೆ ‘ಪುಷ್ಪಕ್’ ಎಂದು ಹೆಸರಾಯಿತು. 1958ರಲ್ಲಿ ಎಚ್‌ಎಎಲ್ ತಯಾರಿಸಿದ ಪುಟ್ಟ ವಿಮಾನದ ಹೆಸರೂ ಇದೇ. ಪುರಾಣದಿಂದ ಹೆಸರು ಕಡ ತರುವಾಗ ಹಳೆಯ ಲೆಕ್ಕದ ಪುಸ್ತಕ ನೋಡುವ ಅಭ್ಯಾಸ ನಮ್ಮವರಿಗಿಲ್ಲ.

ಆ ಹುಲ್ಲುಗಾವಲಿಗೂ ಒಂದು ಸೇನಾ ಇತಿಹಾಸವಿದೆ. ಅದು ಅಮೃತ ಮಹಲ್ ಕಾವಲು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಇಟ್ಟ ಹೆಸರು ಅಮೃತ ಮಹಲ್. ಫಿರಂಗಿ, ಮದ್ದುಗುಂಡು, ದವಸ ಎಳೆದುಕೊಂಡು ದಂಡಿನ ಜೊತೆ ದಿನಗಟ್ಟಲೆ ನಡೆಯುತ್ತಿದ್ದ ಎತ್ತುಗಳ ತಳಿ ಅಲ್ಲಿ ಮೇಯುತ್ತಿತ್ತು. ಅಂದರೆ ಅಂದಿನ ಎಎನ್-32ಗಳು. ಡಿಆರ್‌ಡಿಒಗೆ ಅಲ್ಲಿ ಕೊಟ್ಟ ನೆಲ 4,290 ಎಕರೆ. ಕಾವಲನ್ನೇ ನಂಬಿದ ದನಗಾಹಿಗಳು, ಕುರುಬರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಬೇಲಿಯ ಈಚೆ ನಿಂತು ವಿಮಾನ ನೋಡುವ ಉತ್ಸಾಹಿ, ಅದೇ ಬೇಲಿಯಿಂದಾಗಿ ಕುರಿ ಹೊಡೆದುಕೊಂಡು ಸುತ್ತಿ ಹೋಗುವವನನ್ನೂ ಒಮ್ಮೆ ನೋಡಬೇಕು.

ನೆಲದ ಮಾತು ಈಗ ಹಿಂದೂಪುರದ ಬಾಗಿಲಿಗೂ ಬಂದಿದೆ. ಲೇಪಾಕ್ಷಿ–ಮಡಕಶಿರಾ ಭಾಗದಲ್ಲಿ 10,000 ಎಕರೆ ಕೊಡುತ್ತೇವೆ, ಯುದ್ಧವಿಮಾನ ತಯಾರಿಕೆ ಇತ್ತ ಬರಲಿ ಎಂದು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಕೇಂದ್ರದ ಮುಂದೆ ಇಟ್ಟ ಪ್ರಸ್ತಾಪ 2025ರ ಮೇ ತಿಂಗಳಲ್ಲಿ ಸುದ್ದಿಯಾಯಿತು. ಎಚ್‌ಎಎಲ್ ಅನ್ನು ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲವೆಂದು ಕರ್ನಾಟಕದ ಮಂತ್ರಿಗಳು ಗುಡುಗಿದರು. ರಾವಣನ ವಿಮಾನವನ್ನು ಅಡ್ಡಗಟ್ಟಿದ ಜಟಾಯು ರೆಕ್ಕೆ ಮುರಿದು ಬಿದ್ದದ್ದು ಲೇಪಾಕ್ಷಿಯಲ್ಲಿ, ರಾಮ ‘ಲೇ ಪಕ್ಷಿ’ ಎಂದು ಎಬ್ಬಿಸಿದ್ದಕ್ಕೆ ಊರಿಗೆ ಆ ಹೆಸರು ಎನ್ನುವುದು ಅಲ್ಲಿಯ ಸ್ಥಳಪುರಾಣ. ಆಕಾಶಯುದ್ಧದ ಮೊದಲ ಗಾಯಾಳುವಿನ ಊರಿಗೆ ವಿಮಾನ ಕಾರ್ಖಾನೆ ಕೇಳುವುದರಲ್ಲಿ ಒಂದು ಔಚಿತ್ಯವಂತೂ ಇದೆ.

ಹಿಂದೂಪುರದಿಂದ ಬೆಂಗಳೂರಿಗೆ ಹೊರಡುವ ಓದುಗರಿಗೆ ಒಂದು ಮಾತು. ಮುಂದಿನ ಸಲ ರೈಲಿನಲ್ಲಿ ಎಡಗಡೆಯ ಕಿಟಕಿ ಹಿಡಿಯಿರಿ. ವಾಯುಪಡೆ ನೆಲೆ ಇರುವುದು ಆ ಬದಿಗೆ. ರಾಜಾನುಕುಂಟೆ ದಾಟಿದ ಮೇಲೆ ರೆಕ್ಕೆಯ ಮೇಲೆ ಎಂಜಿನ್ ಹೊತ್ತ ಗಾಡಿ ಕಂಡರೆ ಪಕ್ಕದ ಮಗುವಿಗೆ ಅದರ ಹೆಸರು ಹೇಳಿ. ಮೊಬೈಲ್ ಮಾತ್ರ ಜೇಬಿನಲ್ಲೇ ಇರಲಿ. ವಾಯುಪಡೆ ನೆಲೆಯ ಚಿತ್ರ ತೆಗೆಯುವುದು ನಿಷಿದ್ಧ.