ಜೇಡಕ್ಕೆ ಎಂಟೇ ಕಾಲು ಯಾಕೆ?



"ಜೇಡಕ್ಕೆ ಎಷ್ಟು ಕಾಲು?" ಎಂದು ಕೇಳಿದರೆ ನೀವೆಲ್ಲ ಒಂದೇ ಉಸಿರಿಗೆ "ಎಂಟು" ಅಂತೀರಿ. ಒಂದು ಅಂಕ ಬಂತು. "ಯಾಕೆ ಎಂಟು?" ಎಂದು ಕೇಳಿದರೆ? ಈ ಪ್ರಶ್ನೆಗೆ ವಿಜ್ಞಾನ ಮೇಷ್ಟ್ರಾದ ನಾನೇ ಒಮ್ಮೆ ತಪ್ಪು ಉತ್ತರ ಕೊಟ್ಟಿದ್ದೇನೆ. ಅದನ್ನು ತಿದ್ದಿದವಳು ಐದನೇ ಕ್ಲಾಸಿನ ಹುಡುಗಿ.

ನಮ್ಮಕ್ಕನ ಮನೆ ಇರುವುದು ವಯನಾಡಿನ ನೂಲ್ಪುಳದಲ್ಲಿ. ಗುಂಡ್ಲುಪೇಟೆಯಲ್ಲಿ ಬತ್ತೇರಿ ಬಸ್ಸು ಹತ್ತಿ, ಬಂಡೀಪುರದ ಕಾಡು, ಮೂಲೆಹೊಳೆ ಚೆಕ್‌ಪೋಸ್ಟ್, ಮುತ್ತಂಗ ದಾಟಿ ಹೋಗಬೇಕು. ಮಲಯಾಳದಲ್ಲಿ 'ಪುಳ' ಅಂದರೆ ಹೊಳೆ. 'ನೂಲ್' ಅಂದರೆ ನಮ್ಮ ನೂಲೇ. ಡಿಸೆಂಬರ್ ತಿಂಗಳ ಬೆಳಿಗ್ಗೆ ಅಲ್ಲಿನ ಕಾಫಿ ತೋಟಕ್ಕೆ ಹೋದರೆ ಆ ಹೆಸರು ಇನ್ನೊಂದು ರೀತಿಯಲ್ಲೂ ಸರಿ ಅನಿಸುತ್ತದೆ. ಗಿಡದಿಂದ ಗಿಡಕ್ಕೆ ಜೇಡರ ಬಲೆ, ಬಲೆ ತುಂಬ ಇಬ್ಬನಿ. ಅಂಗೈಯಗಲ ಕಾಲು ಚಾಚಿ, ಹಳದಿ ಹೊಳಪಿನ ಬಲೆಯಲ್ಲಿ ಕೂತ ದೊಡ್ಡ ಕಾಡುಜೇಡವೊಂದನ್ನು ತೋರಿಸಿ ಅಕ್ಕನ ಮಗಳು ಕೇಳಿದಳು: "ಮಾಮ, ಇದಕ್ಕೆ ಎಂಟು ಕಾಲು ಯಾಕೆ?"

"ಬಲೆ ಕಟ್ಟಬೇಕಲ್ಲಮ್ಮ, ಅದಕ್ಕೆ" ಅಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೇಳಿಗೂ ಎಂಟು ಕಾಲು ಅಂತ ಟೀಚರ್ ಹೇಳಿದ್ರು. ಚೇಳು ಎಲ್ಲಿ ಬಲೆ ಕಟ್ತದೆ?" ಅಂದಳು.

ನನ್ನ ಉತ್ತರ ಅಲ್ಲೇ ಬಿದ್ದುಹೋಯಿತು!

ಬಲೆಗಿಂತ ಮೊದಲೇ ಇದ್ದ ಕಾಲು

ಅವಳ ಪ್ರಶ್ನೆಯನ್ನೇ ಮುಂದುವರಿಸಿ ನೋಡಿ. ದನದ ಕಿವಿಗೆ ಕಚ್ಚಿಕೊಳ್ಳುವ ಬೆಳೆದ ಉಣ್ಣೆಗೂ ಎಂಟು ಕಾಲು. ಅದು ಬಲೆ ಕಟ್ಟುವುದಿಲ್ಲ. ಜೇಡಗಳಲ್ಲೇ ಎಷ್ಟೋ ಜಾತಿಗಳು ಬಲೆ ಕಟ್ಟದೆ ಓಡಾಡಿ ಬೇಟೆಯಾಡುತ್ತವೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸುಮಾರು 41 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಜೇಡದ ಹತ್ತಿರದ ಸಂಬಂಧಿಗಳ ಪಳೆಯುಳಿಕೆ ಸಿಕ್ಕಿದೆ. ಅವುಗಳಿಗೆ ಎಂಟು ಕಾಲಿದೆ, ಆದರೆ ನೂಲು ತೆಗೆಯುವ ಅಂಗ ಕಂಡುಬಂದಿಲ್ಲ. ಅಂದರೆ ಎಂಟು ಕಾಲು ಬಂದದ್ದು ಬಲೆಗಾಗಿ ಅಲ್ಲ. ಜೇಡ, ಚೇಳು, ಉಣ್ಣೆ ಎಲ್ಲಕ್ಕೂ ಅದು ಪೂರ್ವಜರಿಂದ ಬಂದ ಆಸ್ತಿ. ಜೇಡ ಆ ಆಸ್ತಿಯನ್ನು ಆಮೇಲೆ ನೂರಾರು ಕೆಲಸಕ್ಕೆ ಬಳಸಿಕೊಂಡಿತು.

ಹಾಗಾದರೆ ಕೀಟಗಳಿಗೆ ಆರೇ ಯಾಕೆ? ಸಂಧಿಪದಿಗಳ ದೇಹ ರೈಲಿನ ಬೋಗಿಗಳ ಹಾಗೆ ಖಂಡಖಂಡವಾಗಿ ಬೆಳೆಯುತ್ತದೆ. ಯಾವ ಖಂಡದಲ್ಲಿ ಯಾವ ಅವಯವ ಬರಬೇಕು ಎಂಬುದನ್ನು ಹಾಕ್ಸ್ ಎಂಬ ಜೀನ್‌ಗಳು ನಿರ್ದೇಶಿಸುತ್ತವೆ. ಜಿರಳೆಯ ಬಾಯಿಯ ದವಡೆಗಳೂ ಕೆಳದುಟಿಯೂ ಬೆಳೆಯುವ ಮೂರು ಖಂಡಗಳಿವೆಯಲ್ಲ, ಜೇಡದಲ್ಲಿ ಅದೇ ಖಂಡಗಳಲ್ಲಿ ಮೊದಲ ಮೂರು ಜೋಡಿ ಕಾಲು ಬೆಳೆಯುತ್ತದೆ! ನಾಲ್ಕನೆಯ ಜೋಡಿ ಅದರ ಹಿಂದಿನ ಖಂಡದಲ್ಲಿ. ಅಲ್ಲಿಂದಾಚೆ ಜೇಡದ ಹೊಟ್ಟೆ ಶುರು, ಅಲ್ಲಿ ಕಾಲಿಲ್ಲ.

ಹೊಟ್ಟೆಯಲ್ಲಿ ಕಾಲು ಬಾರದಂತೆ ತಡೆಯುವುದು ಯಾವುದು? 2012ರಲ್ಲಿ ಜರ್ಮನಿಯ ವಿಜ್ಞಾನಿಗಳು ಇದಕ್ಕೊಂದು ಪ್ರಯೋಗ ಪ್ರಕಟಿಸಿದರು. ಮನೆಜೇಡದ ಭ್ರೂಣದಲ್ಲಿ ಆಂಟೆನ್ನಪೀಡಿಯಾ ಎಂಬ ಒಂದೇ ಒಂದು ಹಾಕ್ಸ್ ಜೀನ್‌ನ ಕೆಲಸವನ್ನು ತಗ್ಗಿಸಿದಾಗ ಹೊಟ್ಟೆಯ ಮೊದಲ ಖಂಡದಲ್ಲೂ ಕಾಲು ಮೂಡಿತು. ಹತ್ತು ಕಾಲಿನ ಜೇಡ! ಎಂಟು ಎಂಬ ಲೆಕ್ಕದ ಗುಟ್ಟು ಬಲೆಯಲ್ಲಿಲ್ಲ, ದೇಹ ಬೆಳೆಯುವ ಕ್ರಮದಲ್ಲಿದೆ.

ನೂಲು ಹೊರಬರುವ ಪುಟ್ಟ ಬೆರಳಿನಂಥ ಅಂಗಗಳು ಹೊಟ್ಟೆಯ ತುದಿಯಲ್ಲಿವೆ. ಪೂರ್ವಜರ ಹೊಟ್ಟೆಯ ಮೇಲಿದ್ದ ಅವಯವಗಳೇ ರೂಪ ಬದಲಿಸಿ ಇವಾದವು.

ಜೆಸಿಬಿಯ ಹಾಗೆ ಚಾಚುವ ಕಾಲು

ಸತ್ತ ಜೇಡವನ್ನು ನೋಡಿದ್ದೀರಾ? ಎಂಟೂ ಕಾಲು ಒಳಕ್ಕೆ ಮುದುಡಿಕೊಂಡಿರುತ್ತದೆ. ಯಾಕೆ ಗೊತ್ತಾ? ಜೇಡದ ಒಂದೊಂದು ಕಾಲಿನಲ್ಲೂ ಏಳು ತುಂಡು. ಕಾಲು ಮಡಚಲು ಸ್ನಾಯುಗಳಿವೆ. ಆದರೆ ಮೊಣಕಾಲಿನಂಥ ಎರಡು ಮುಖ್ಯ ಸಂದುಗಳಲ್ಲಿ ಬಿಡಿಸುವ ಸ್ನಾಯು ಇಲ್ಲವೇ ಇಲ್ಲ! ಜೇಡ ತನ್ನ ದೇಹದ್ರವವನ್ನು ಒತ್ತಡದಿಂದ ಕಾಲಿನೊಳಕ್ಕೆ ನುಗ್ಗಿಸಿ ಕಾಲು ಚಾಚುತ್ತದೆ. ಜೆಸಿಬಿಯ ಕೈ ಎಣ್ಣೆಯ ಒತ್ತಡದಿಂದ ಏಳುತ್ತದಲ್ಲ, ಹಾಗೆ. ಸತ್ತಮೇಲೆ ಒತ್ತಡ ಇಳಿಯುತ್ತದೆ, ಕಾಲು ಮುದುಡುತ್ತದೆ. ಗೋಡೆಯ ಮೇಲೆ ನೊಣ ಹಿಡಿಯುವ ಪುಟ್ಟ ಜಿಗಿಜೇಡ ಹಾರುವುದೂ ಹಿಂಗಾಲಿಗೆ ಒಮ್ಮೆಲೇ ಈ ಒತ್ತಡ ಕೊಟ್ಟು.

ನೀವೇ ಮಾಡಿ ನೋಡಿ: ಸೂಜಿ ಇಲ್ಲದ ಎರಡು ಹೊಸ ಸಿರಿಂಜ್ ತೆಗೆದುಕೊಳ್ಳಿ. ಒಂದಕ್ಕೆ ನೀರು ತುಂಬಿ, ನಡುವೆ ಸಣ್ಣ ಪ್ಲಾಸ್ಟಿಕ್ ಕೊಳವೆ ಜೋಡಿಸಿ. ಒಂದನ್ನು ಒತ್ತಿದರೆ ಇನ್ನೊಂದರ ದಂಡ ಮೇಲೇಳುತ್ತದೆ. ಜೇಡದ ಮೊಣಕಾಲು ನಿಮ್ಮ ಕೈಯಲ್ಲೇ ಇದೆ!

ನಡಿಗೆ, ನೂಲುವಿಕೆ, ನಟನೆ

ಎಂಟು ಕಾಲು ಒಂದಕ್ಕೊಂದು ತೊಡರಿಕೊಳ್ಳುವುದಿಲ್ಲವೇ? ಇಲ್ಲ. ಎಡದ 1 ಮತ್ತು 3, ಬಲದ 2 ಮತ್ತು 4 ಒಟ್ಟಿಗೆ ಏಳುತ್ತವೆ. ಆಗ ಉಳಿದ ನಾಲ್ಕು ಮೈಭಾರ ಹೊರುತ್ತವೆ. ಆಮೇಲೆ ಅದಲುಬದಲು. ಇಬ್ಬರು ಗೆಳೆಯರು ಹಿಂದುಮುಂದಾಗಿ ನಾಲ್ಕು ಕೈ, ನಾಲ್ಕು ಕಾಲು ಊರಿ ಹೀಗೆ ನಡೆಯಲು ಯತ್ನಿಸಿ, ಅದೆಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ಬಲೆ ಕಟ್ಟುವಾಗ ಮುಂಗಾಲು ದಾರಿ ತಡಕಿ ಎಳೆಗಳ ಅಂತರ ಅಳೆಯುತ್ತದೆ, ಹಿಂಗಾಲು ನೂಲೆಳೆದು ಅಂಟಿಸುತ್ತದೆ. ಮನೆ ಮೂಲೆಯ ಉದ್ದಕಾಲಿನ ಜೇಡ ಹಿಂಗಾಲಿನಿಂದಲೇ ನೂಲೆಸೆದು ಬೇಟೆಯನ್ನು ಸುತ್ತಿಬಿಡುತ್ತದೆ. ಚಗಳಿ ಇರುವೆಯಂತೆ ಕಾಣುವ ಒಂದು ಜೇಡ ಇದೆ. ಅದು ಮುಂಗಾಲೆರಡನ್ನೂ ಎತ್ತಿ ಇರುವೆಯ ಮೀಸೆಯಂತೆ ಆಡಿಸುತ್ತದೆ. ಮೋಸ ಹೋಗಬೇಡಿ, ಕಾಲು ಎಣಿಸಿ. ಬತ್ತೇರಿಯ ಹೆಸರನ್ನೇ ಹೊತ್ತ ಒಂದು ಜಿಗಿಜೇಡವೂ ಇದೆ: ಮರೆಂಗೊ ಬತ್ತೇರಿಯೆನ್ಸಿಸ್. ಆ ಗುಂಪಿನ ಜೇಡಗಳಿಗೆ ಮೊದಲ ಜೋಡಿ ಕಾಲು ಮಾತ್ರ ದಪ್ಪ.

ಕಾಲೇ ಕಿವಿ

ಜೇಡಕ್ಕೆ ಕಿವಿಯಿಲ್ಲ. ಕಾಲಿನ ಚರ್ಮದಲ್ಲಿರುವ ಕೂದಲೆಳೆಯಷ್ಟು ಸಣ್ಣ ಸೀಳುಗಳು ಬಲೆಯ ಕಂಪನವನ್ನು ಗುರುತಿಸುತ್ತವೆ. ನವಿರಾದ ಕೂದಲುಗಳು ಗಾಳಿಯ ಅಲುಗಾಟ ತಿಳಿಸುತ್ತವೆ. ರುಚಿ ಹಿಡಿಯುವ ಕೂದಲೂ ಕಾಲಿನಲ್ಲೇ ಇವೆ. ಬಲೆಯ ನಡುವೆ ಕೂತ ಜೇಡ ಎಂಟು ಕಾಲನ್ನು ಎಂಟು ದಿಕ್ಕಿನ ಎಳೆಗಳ ಮೇಲಿಟ್ಟಿರುತ್ತದೆ. ಯಾವ ಕಾಲಿಗೆ ಹೆಚ್ಚು ನಡುಕ ಬಂತೋ ಆ ಕಡೆ ಊಟ!

1880ರಲ್ಲಿ ಇಂಗ್ಲೆಂಡಿನ ಸಿ. ವಿ. ಬಾಯ್ಸ್ ಎಂಬ ಭೌತವಿಜ್ಞಾನಿ ಶ್ರುತಿಕವೆ, ಅಂದರೆ ಟ್ಯೂನಿಂಗ್ ಫೋರ್ಕ್, ಮಿಡಿದು ತೋಟದ ಜೇಡದ ಬಲೆಗೆ ಮುಟ್ಟಿಸಿದರು. ಜೇಡ ತಕ್ಷಣ ಆ ಕಡೆ ತಿರುಗಿ, ಮುಂಗಾಲಿನಿಂದ ಅಲುಗುವ ಎಳೆಯನ್ನು ಪತ್ತೆ ಹಚ್ಚಿ ಓಡಿಬಂತು. ನಿಮ್ಮ ಶಾಲೆಯ ಪ್ರಯೋಗಾಲಯದಲ್ಲೂ ಶ್ರುತಿಕವೆ ಇದೆಯಲ್ಲ? ಶಿಕ್ಷಕರನ್ನು ಕೇಳಿ ಮಾಡಿ ನೋಡಿ. ಬಲೆ ಹರಿಯದಂತೆ ಮೆಲ್ಲಗೆ ಮುಟ್ಟಿಸಿ. ಜೇಡವನ್ನು ಕೈಯಲ್ಲಿ ಹಿಡಿಯಬೇಡಿ.

ನಿಮಗೊಂದು ಕೆಲಸ

ಈ ವಾರ ನಿಮ್ಮ ಮನೆ, ಶಾಲೆಯ ಸುತ್ತ ಹತ್ತು ಜೇಡಗಳನ್ನು ನೋಡಿ ಕಾಲು ಎಣಿಸಿ ಬರೆಯಿರಿ. ಬಾಯಿಯ ಹತ್ತಿರದ ಎರಡು ಗಿಡ್ಡ ಅವಯವಗಳನ್ನು ಲೆಕ್ಕಕ್ಕೆ ಸೇರಿಸಬೇಡಿ, ಅವು ಕಾಲಲ್ಲ. ಏಳೇ ಕಾಲಿನ ಜೇಡ ಸಿಕ್ಕರೆ ಗಾಬರಿ ಬೇಡ. ಶತ್ರುವಿನ ಕೈಗೆ ಸಿಕ್ಕ ಕಾಲನ್ನು ಕಳಚಿಟ್ಟು ಓಡಿಹೋಗುವುದು ಜೇಡಕ್ಕೆ ಗೊತ್ತು. ಎಳೆಯ ಜೇಡವಾದರೆ ಮುಂದೆ ಪೊರೆ ಬಿಡುವಾಗ ಹೊಸ ಕಾಲು ಬೆಳೆಸಿಕೊಳ್ಳುತ್ತದೆ.

ಇನ್ನೊಂದು ಮಾತು. ಪುಸ್ತಕದಲ್ಲಿರಲಿ, ಮೇಷ್ಟ್ರು ಹೇಳಿರಲಿ, 'ಇದಕ್ಕಾಗಿಯೇ ಇದು ಇದೆ' ಎಂಬ ಉತ್ತರ ಸಿಕ್ಕಾಗ ನೂಲ್ಪುಳದ ಆ ಹುಡುಗಿಯ ಹಾಗೆ ಒಂದು ಚೇಳನ್ನು ಹುಡುಕಿ. ಅವಳಿಗೆ ಸರಿಯುತ್ತರ ಹೇಳಲು ನಾನು ಊರಿಗೆ ಬಂದು ಓದಿ, ಫೋನ್ ಮಾಡಬೇಕಾಯಿತು. ಎಲ್ಲ ಕೇಳಿಸಿಕೊಂಡು ಅವಳು ಅಂದದ್ದು: "ಸರಿ ಮಾಮ, ಹಾಗಾದ್ರೆ ಜರಿಗೆ ಅಷ್ಟೊಂದು ಕಾಲು ಯಾಕೆ?"

ಅದನ್ನು ಈಗ ಓದುತ್ತಿದ್ದೇನೆ. ನೀವೂ ಹುಡುಕಿ.