ಬಾರುಕೋಲಿನ ಪಾಠ

ಗಾಡಿಯವನು ಬಾರುಕೋಲು ಬೀಸುವುದನ್ನು ನೀವು ನೋಡಿರಬಹುದು. ಹಿಡಿಯ ಬಳಿ ಕೈ ಅಲುಗುವುದು ಸ್ವಲ್ಪ. ತುದಿಯ ಬಾರು ಮಾತ್ರ ಮಾರುದ್ದ ಹಾರುತ್ತದೆ. ಸರಕು ಪೂರೈಕೆಯಲ್ಲೂ ಹೀಗೆಯೇ ಆಗುತ್ತದೆ. ಇದನ್ನು ಅರಿಯಲು ಗೋದಾಮಿನವರೂ ಬೇಕಾದರು, ವಿಶ್ವವಿದ್ಯಾಲಯದವರೂ ಬೇಕಾದರು.

ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ 'ಪ್ಯಾಂಪರ್ಸ್' ಎಂಬ ಮಕ್ಕಳ ಡಯಾಪರ್ ತಯಾರಿಸುತ್ತದೆ. ಕೂಸುಗಳಿಗೆ ಅವು ಪ್ರತಿವಾರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೇಕು. ಅಂಗಡಿಗಳ ಮಾರಾಟದಲ್ಲೂ ಏರಿಳಿತ ಹೆಚ್ಚಿರಲಿಲ್ಲ. ಆದರೆ ಸಗಟು ವಿತರಕರ ಆರ್ಡರುಗಳು ಬಹಳ ಏರಿಳಿಯುತ್ತಿದ್ದವು. ಕಚ್ಚಾ ಸಾಮಗ್ರಿಗಾಗಿ ಕಂಪನಿ ಕಳಿಸುತ್ತಿದ್ದ ಆರ್ಡರುಗಳು ಅದಕ್ಕಿಂತಲೂ ಹೆಚ್ಚು. ಇದಕ್ಕೆ 'ಬುಲ್‌ವಿಪ್', ಅಂದರೆ ಚಾವಟಿ, ಎಂದು ಹೆಸರಿಟ್ಟವರು ಕಂಪನಿಯ ಅಧಿಕಾರಿಗಳೇ.

ಹೆಸರಿಟ್ಟರೆ ಸಾಲದು, ಕಾರಣ ತಿಳಿಯಬೇಕು. ಇಂಥ ಏರಿಳಿತವನ್ನು ಎಂ.ಐ.ಟಿ.ಯ ಜೇ ಫಾರೆಸ್ಟರ್ 1961ರ ತಮ್ಮ ಗ್ರಂಥದಲ್ಲಿ ಆಗಲೇ ವಿವರಿಸಿದ್ದರು. 1997ರಲ್ಲಿ ಸ್ಟ್ಯಾನ್‌ಫರ್ಡ್‌ನ ಹಾವ್ ಲೀ, ವಿ. ಪದ್ಮನಾಭನ್ ಮತ್ತು ಸಂಗ್‌ಜಿನ್ ವಾಂಗ್ 4 ಕಾರಣಗಳನ್ನು ಗುರುತಿಸಿದರು. ಗಿರಾಕಿಯ ಬೇಡಿಕೆಯನ್ನು ನೋಡದೆ, ಕೆಳಗಿನವರ ಆರ್ಡರನ್ನೇ ನಂಬಿ ಅಂದಾಜು ಮಾಡುವುದು ಒಂದು. ಸಾಗಣೆ ಖರ್ಚು ಉಳಿಸಲು ಆರ್ಡರುಗಳನ್ನು ಕೂಡಿಟ್ಟು ಒಮ್ಮೆಗೇ ಕಳಿಸುವುದು ಇನ್ನೊಂದು. ರಿಯಾಯಿತಿ ಬಂದಾಗ ಅಗತ್ಯಕ್ಕಿಂತ ಹೆಚ್ಚು ಕೊಳ್ಳುವುದು ಮೂರನೆಯದು. ಸರಕಿಗೆ ಅಭಾವ ಬರಬಹುದೆಂಬ ಭಯದಿಂದ ಹತ್ತು ಬೇಕಾದಲ್ಲಿ ಇಪ್ಪತ್ತು ಕೇಳುವುದು ನಾಲ್ಕನೆಯದು.

ಗಮನಿಸಿ: ಇಲ್ಲಿ ಯಾರೂ ದಡ್ಡರಲ್ಲ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ವಿವೇಕದಿಂದಲೇ ನಡೆದಿರುತ್ತಾರೆ. ಒಟ್ಟಾರೆ ಫಲ ಮಾತ್ರ ನಷ್ಟ. ಒಮ್ಮೆ ಗೋದಾಮು ತುಂಬಿ ಹಣ ಕಟ್ಟಿಬೀಳುತ್ತದೆ, ಇನ್ನೊಮ್ಮೆ ಅಂಗಡಿಯ ಕಪಾಟು ಬರಿದಾಗುತ್ತದೆ. ಆದ್ದರಿಂದಲೇ ನೌಕರರನ್ನು ಗದರಿಸಿದರೆ ಇದು ಸರಿಹೋಗದು. ಅಂಗಡಿಯ ನಿಜವಾದ ಮಾರಾಟದ ಲೆಕ್ಕ ತಯಾರಕರಿಗೂ ನೇರವಾಗಿ ಸಿಗಬೇಕು, ಆರ್ಡರು ಚಿಕ್ಕದಾಗಿ, ಆಗಾಗ ಹೋಗಬೇಕು, ಬೆಲೆ ಸ್ಥಿರವಾಗಿರಬೇಕು.

ಕಂಪನಿಗಳು ತಮ್ಮ ಲೆಕ್ಕಪುಸ್ತಕ ತೆರೆದು ತೋರಿಸದಿದ್ದರೆ ಪ್ರಾಧ್ಯಾಪಕರ ಸೂತ್ರಗಳಿಗೆ ಆಧಾರವಿರುತ್ತಿರಲಿಲ್ಲ. ಪ್ರಾಧ್ಯಾಪಕರು ಕಾರಣಗಳನ್ನು ಬಿಡಿಸಿ ಹೇಳದಿದ್ದರೆ ಅಧಿಕಾರಿಗಳು ಒಬ್ಬರನ್ನೊಬ್ಬರು ದೂರುತ್ತಲೇ ಇರುತ್ತಿದ್ದರು.

ನೀವು ವ್ಯಾಪಾರಿಯಾಗಿದ್ದರೆ, ಹತ್ತಿರದ ಕಾಲೇಜಿನ ಅಧ್ಯಾಪಕರಿಗೆ ನಿಮ್ಮ ಒಂದು ವರ್ಷದ ಆರ್ಡರು ಮತ್ತು ಮಾರಾಟದ ಲೆಕ್ಕ ತೋರಿಸಿ. ನೀವು ಅಧ್ಯಾಪಕರಾಗಿದ್ದರೆ, ಒಂದು ದಿನ ಗೋದಾಮಿನಲ್ಲಿ ನಿಂತು ನೋಡಿ. ಬಾರುಕೋಲಿನ ಹಿಡಿ ಒಬ್ಬರಿಗೆ ಕಾಣುತ್ತದೆ, ತುದಿ ಇನ್ನೊಬ್ಬರಿಗೆ. ಪೂರ್ತಿ ಕೋಲು ಕಾಣಬೇಕಾದರೆ ಇಬ್ಬರೂ ಕೂಡಿ ಕೂರಬೇಕು.